ಕರಗಲೆಂದು ಹೋದ ಕೊಬ್ಬು ಗಟ್ಟಿಯಾದಾಗ: ಲಿಂಡಾ ಇವಾಂಜೆಲಿಸ್ಟಾ ಪ್ರಕರಣ

2016ರ ಜೂನ್ ತಿಂಗಳಲ್ಲಿ ಹೆಸರಾಂತ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮ್ಮ ವೈದ್ಯರ ಮುಂದೆ ಮೈಮೇಲಿನ ನಿಲುವಂಗಿ ಜಾರಿಸಿ ನಿಂತು ಅತ್ತರು. ಊಟ ಬಿಟ್ಟಿದ್ದೇನೆ, ಹಸಿದುಕೊಂಡೇ ಇದ್ದೇನೆ, ಆದರೂ ಮೈ ಹೀಗಾಗುತ್ತಿದೆ, ನಾನು ಮಾಡುತ್ತಿರುವ ತಪ್ಪಾದರೂ ಏನು ಎಂದು ಕೇಳಿದರು. ವೈದ್ಯರು ಪರೀಕ್ಷಿಸಿ ಹೇಳಿದ್ದು ಒಂದು ಉದ್ದನೆಯ ಹೆಸರನ್ನು: ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ. ಬಿಡಿಸಿ ಹೇಳುವುದಾದರೆ, ಕೊಬ್ಬು ಕುಗ್ಗಬೇಕಾದ ಜಾಗದಲ್ಲೇ ಅದು ತದ್ವಿರುದ್ಧವಾಗಿ ಬೆಳೆದು ಗಟ್ಟಿಯಾಗುವುದು. ಎಷ್ಟು ಪಥ್ಯ ಮಾಡಿದರೂ ಎಷ್ಟು ಬೆವರು ಸುರಿಸಿದರೂ ಅದು ಇಳಿಯುವುದಿಲ್ಲ.

ಈ ಪ್ರಕರಣವನ್ನು ಓದುವಾಗಲೆಲ್ಲ ನಾನು ತಡೆದು ನಿಲ್ಲುವುದು ಆ ಪ್ರಶ್ನೆಯ ಬಳಿ. ಹಾನಿ ಮಾಡಿದ್ದು ಚಳಿ ಕೊಟ್ಟು ಕೊಬ್ಬು ಕರಗಿಸುವ ಒಂದು ಯಂತ್ರ. ತಿಂಗಳುಗಟ್ಟಲೆ ತನ್ನನ್ನೇ ಹಳಿದುಕೊಂಡು ಉಪವಾಸ ಬಿದ್ದವರು ರೋಗಿ. ಬೊಜ್ಜಿನ ವಿಷಯದಲ್ಲಿ ನಮಗೆಲ್ಲ ಒಂದು ಅಭ್ಯಾಸವಿದೆ. ಹೊಟ್ಟೆ ಮುಂದೆ ಬಂದರೆ ಅದು ಆ ಮನುಷ್ಯನ ಸೋಮಾರಿತನ, ನಾಲಗೆಯ ಚಪಲ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಲಿಂಡಾ ಆ ತೀರ್ಪನ್ನು ತಮಗೆ ತಾವೇ ಕೊಟ್ಟುಕೊಂಡಿದ್ದರು.

ನಡೆದದ್ದು ಇಷ್ಟು

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1965ರಲ್ಲಿ ಹುಟ್ಟಿದ ಲಿಂಡಾ, 1990ರ ದಶಕದಲ್ಲಿ ಜಗತ್ತಿನ ಅತಿ ಹೆಚ್ಚು ಬೇಡಿಕೆಯ ರೂಪದರ್ಶಿಗಳಲ್ಲಿ ಒಬ್ಬರಾಗಿದ್ದರು. ದೇಹವೇ ದುಡಿಮೆಯ ಬಂಡವಾಳ. ಐವತ್ತು ತುಂಬಿದ ವರ್ಷ, ಅಂದರೆ 2015ರ ಆಗಸ್ಟ್‌ನಿಂದ 2016ರ ಫೆಬ್ರುವರಿಯವರೆಗೆ, ಅವರು ಏಳು ಬಾರಿ ಕೂಲ್‌ಸ್ಕಲ್ಪ್ಟಿಂಗ್ ಎಂಬ ಆ ಯಂತ್ರದ ಚಿಕಿತ್ಸೆ ಮಾಡಿಸಿಕೊಂಡರು. ಹೊಟ್ಟೆ, ಸೊಂಟದ ಬದಿ, ಬೆನ್ನು, ತೊಡೆ, ಗಲ್ಲದ ಕೆಳಭಾಗ, ಎಲ್ಲ ಕಡೆಗೂ. ಚಾಕು ಇಲ್ಲ, ಹೊಲಿಗೆ ಇಲ್ಲ, ಅರಿವಳಿಕೆ ಇಲ್ಲ. ಮಾಡಿಸಿಕೊಂಡು ಅದೇ ದಿನ ಕೆಲಸಕ್ಕೆ ಹೋಗಬಹುದು.

ಮೂರು ತಿಂಗಳೊಳಗೆ ಚಿಕಿತ್ಸೆ ಪಡೆದ ಜಾಗಗಳಲ್ಲಿ ಉಬ್ಬುಗಳು ಕಾಣಿಸಿಕೊಂಡವು. ಮೊದಲು ಬೆಳೆದವು, ಆಮೇಲೆ ಗಟ್ಟಿಯಾದವು, ಕೊನೆಗೆ ಸ್ಪರ್ಶಜ್ಞಾನ ಕಳೆದುಕೊಂಡವು. ಅವರು ಊಟ ಕಡಿಮೆ ಮಾಡಿದರು, ವ್ಯಾಯಾಮ ಹೆಚ್ಚಿಸಿದರು, ಕಡೆಗೆ ಊಟವನ್ನೇ ಬಿಟ್ಟರು. ಜೂನ್‌ನಲ್ಲಿ ರೋಗದ ಹೆಸರು ತಿಳಿಯಿತು.

ಮುಂದಿನದು ಅವರೇ 2022ರ ಫೆಬ್ರುವರಿಯಲ್ಲಿ ಪೀಪಲ್ ಪತ್ರಿಕೆಗೆ ಹೇಳಿದ ಮಾತು. ಯಂತ್ರ ತಯಾರಿಸುವ ಜೆಲ್ಟಿಕ್ ಕಂಪನಿಯು ಉಬ್ಬುಗಳನ್ನು ಲಿಪೊಸಕ್ಷನ್, ಅಂದರೆ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯ ಮೂಲಕ ತೆಗೆಸುವ ಖರ್ಚು ಕೊಡಲು ಮುಂದೆ ಬಂತು. ಆದರೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ವಿಷಯವನ್ನು ಹೊರಗೆ ಹೇಳುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದರೆ ಮಾತ್ರ ಹಣ ಎಂಬ ಷರತ್ತು ಬಂತು. ಅವರು ಸಹಿ ಹಾಕಲಿಲ್ಲ. ಸ್ವಂತ ಹಣದಲ್ಲಿ 2016ರ ಜೂನ್‌ನಲ್ಲಿ ಒಮ್ಮೆ, 2017ರ ಜುಲೈನಲ್ಲಿ ಇನ್ನೊಮ್ಮೆ ಇಡೀ ಮೈಗೆ ಲಿಪೊಸಕ್ಷನ್ ಮಾಡಿಸಿಕೊಂಡರು. ವಾರಗಟ್ಟಲೆ ಬಿಗಿಪಟ್ಟಿ ಕಟ್ಟಿಕೊಂಡು ಕಳೆದರು. ಉಬ್ಬುಗಳು ಮತ್ತೆ ಬಂದವು. ಶಸ್ತ್ರಚಿಕಿತ್ಸೆಯೇ ಬೇಡವೆಂದು ಆರಿಸಿಕೊಂಡ ದಾರಿ ಎರಡು ಶಸ್ತ್ರಚಿಕಿತ್ಸೆಗಳಲ್ಲಿ ಹೋಗಿ ನಿಂತಿತು.

ನಂತರ ಸುಮಾರು ಐದು ವರ್ಷ ಅವರು ಜನರ ಕಣ್ಣಿಗೆ ಬೀಳಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಎಲ್ಲವನ್ನೂ ಬರೆದರು ಮತ್ತು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಜೆಲ್ಟಿಕ್ ವಿರುದ್ಧ 5 ಕೋಟಿ ಡಾಲರ್ ಪರಿಹಾರದ ದಾವೆ ಹೂಡಿದರು. 2016ರಿಂದ ದುಡಿಮೆ ನಿಂತಿದೆ, ಈ ಅಪಾಯದ ಬಗ್ಗೆ ನನಗೆ ಎಚ್ಚರಿಕೆ ಕೊಟ್ಟಿರಲಿಲ್ಲ ಎಂಬುದು ದೂರು. ಈ ಅಪರೂಪದ ಅಡ್ಡಪರಿಣಾಮವು ರೋಗಿಗಳಿಗೂ ವೈದ್ಯರಿಗೂ ಕೊಡುವ ಮಾಹಿತಿಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ ಎಂಬುದು ಕಂಪನಿಯ ನಿಲುವು. 2022ರ ಜುಲೈನಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಹಾಗಾಗಿ ಯಾರ ಮಾತು ಸರಿ ಎಂದು ನ್ಯಾಯಾಲಯ ಹೇಳಲೇ ಇಲ್ಲ. ಅದನ್ನು ನಾನೂ ಹೇಳಹೊರಡುವುದಿಲ್ಲ.

ಐಸ್‌ಕ್ಯಾಂಡಿಯಿಂದ ಯಂತ್ರದವರೆಗೆ

ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅದರ ಪಕ್ಕದ ಚೊಂಬಿನ ನೀರಿಗೆ ಏನೂ ಆಗಿರುವುದಿಲ್ಲ. ಕೊಬ್ಬು ಗಟ್ಟಿಯಾಗಲು ನೀರಿಗೆ ಬೇಕಾದಷ್ಟು ಚಳಿ ಬೇಡ. ಈ ಚಿಕಿತ್ಸೆಯ ತತ್ವವೆಲ್ಲ ಇಷ್ಟರಲ್ಲೇ ಇದೆ.

ಮನುಷ್ಯರ ಮೈಯಲ್ಲಿ ಇದನ್ನು ಗಮನಿಸಿದ್ದು ಮಕ್ಕಳ ಕೆನ್ನೆಯಿಂದ. 1970ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಐಸ್‌ಕ್ಯಾಂಡಿ ಚೀಪಿದ ಮಗುವೊಂದರ ಕೆನ್ನೆಯಲ್ಲಿ ಕೆಂಪು ಗಂಟು ಎದ್ದು, ಅಲ್ಲಿನ ಕೊಬ್ಬು ನಾಶವಾದದ್ದನ್ನು ವರದಿ ಮಾಡಿದರು. ಮೇಲಿನ ಚರ್ಮ ಚೆನ್ನಾಗಿಯೇ ಇತ್ತು. ಮುಂದೆ ಚಳಿಯಲ್ಲಿ ಕುದುರೆ ಸವಾರಿ ಮಾಡುವ ಹೆಂಗಸರ ತೊಡೆಗಳಲ್ಲೂ ಇಂಥ ಗಂಟುಗಳು ಕಂಡವು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ಇದೇ ಎಳೆ ಹಿಡಿದು ಹಂದಿಗಳ ಮೇಲೆ ಪ್ರಯೋಗ ನಡೆಸಿ 2008ರಲ್ಲಿ ಪ್ರಕಟಿಸಿದರು. ಇದಕ್ಕೆ ಕ್ರಯೋಲಿಪೊಲಿಸಿಸ್ ಎಂದು ಹೆಸರಾಯಿತು. ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಸೊಂಟದ ಬದಿಗಳಿಗೆ, 2012ರಲ್ಲಿ ಹೊಟ್ಟೆಗೆ ಅನುಮತಿ ಕೊಟ್ಟಿತು.

ಕೆಲಸ ಹೀಗೆ ನಡೆಯುತ್ತದೆ. ಹೊಟ್ಟೆಯ ಮಡಿಕೆಯನ್ನು ಬಟ್ಟಲಿನಂಥ ಹಿಡಿಕೆಯೊಂದು ಎಳೆದು ಹಿಡಿಯುತ್ತದೆ. ನಡುವೆ ಜೆಲ್ ಹಾಳೆ. ಅರ್ಧ ಗಂಟೆಯಿಂದ ಒಂದು ಗಂಟೆ, ಶೂನ್ಯಕ್ಕಿಂತ ಸುಮಾರು ಹತ್ತು ಡಿಗ್ರಿ ಕೆಳಗಿನ ಚಳಿ. ಮೊದಲು ಉರಿ, ಆಮೇಲೆ ಮರಗಟ್ಟಿದಂತೆ. ತೆಗೆದಾಗ ಚರ್ಮದ ಕೆಳಗೆ ಬೆಣ್ಣೆಮುದ್ದೆಯಂತೆ ಗಟ್ಟಿಯಾಗಿರುತ್ತದೆ, ಅದನ್ನು ಕೈಯಿಂದ ನೀವುತ್ತಾರೆ. ಕೊಬ್ಬಿನ ಕೋಶಗಳು ತಾವಾಗಿ ಸಾಯುತ್ತವೆ, ಎರಡು ಮೂರು ತಿಂಗಳಲ್ಲಿ ದೇಹ ಅವನ್ನು ಗುಡಿಸಿ ಹಾಕುತ್ತದೆ. ಆ ಜಾಗದ ಕೊಬ್ಬಿನ ಪದರ ಶೇಕಡಾ 20ರಿಂದ 25ರಷ್ಟು ತೆಳ್ಳಗಾಗಬಹುದು. ನಾಲ್ಕು ಸೆಂಟಿಮೀಟರ್ ದಪ್ಪದ ಪದರವಿದ್ದರೆ ಒಂದು ಸೆಂಟಿಮೀಟರ್ ಹೋಯಿತು ಎಂದುಕೊಳ್ಳಿ. ತೂಕದ ಯಂತ್ರದ ಮುಳ್ಳು ಕದಲುವುದಿಲ್ಲ. ಬಹುಪಾಲು ಜನರಿಗೆ ಇದು ತೊಂದರೆಯಿಲ್ಲದೆ ಮುಗಿಯುತ್ತದೆ ಎಂಬುದೂ ನಿಜ. ಒಂದಿಷ್ಟು ಊತ, ಕಂದು ಗಾಯ, ಕೆಲವು ವಾರ ಜೋಮು, ಅಷ್ಟೇ.

ಉಳಿದ ಕೆಲವರಿಗೆ ಆಗುವುದೇ ಬೇರೆ. ಸಾಮಾನ್ಯವಾಗಿ ಎರಡರಿಂದ ಆರು ತಿಂಗಳೊಳಗೆ ಹಿಡಿಕೆ ಕೂತ ಜಾಗದಲ್ಲಿ, ಹಿಡಿಕೆಯದೇ ಆಕಾರದಲ್ಲಿ, ಗಟ್ಟಿ ದಿಮ್ಮಿಯೊಂದು ಮೇಲೇಳುತ್ತದೆ. ಚರ್ಮದ ಕೆಳಗೆ ಆಯತಾಕಾರದ ಬೆಣ್ಣೆಯ ಬಿಲ್ಲೆ ಇಟ್ಟ ಹಾಗೆ. ನೋವಿರುವುದಿಲ್ಲ. ಕೋಶಗಳು ಸಾಯುವ ಬದಲು ಹೆಚ್ಚುವುದೇಕೆ ಎಂಬುದು ವಿಜ್ಞಾನಕ್ಕೆ ಇನ್ನೂ ಬಗೆಹರಿದಿಲ್ಲ. ಗಂಡಸರಲ್ಲಿ ಹೆಚ್ಚು ವರದಿಯಾಗಿದೆ. ತಾನಾಗಿ ಕರಗುವುದಿಲ್ಲ. ಲಿಪೊಸಕ್ಷನ್ ಇಲ್ಲವೇ ಹೊಟ್ಟೆಯ ಚರ್ಮ ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆ, ಇವೆರಡೇ ಮುಖ್ಯ ದಾರಿ.

ಅಪರೂಪ ಎಂಬ ಪದದ ಲೆಕ್ಕ

ಈ ತೊಂದರೆ ಮೊದಲು ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2014ರಲ್ಲಿ. ನಲವತ್ತರ ಹರೆಯದ ಗಂಡಸು, ಚಿಕಿತ್ಸೆ ಆಗಿದ್ದು ಹೊಟ್ಟೆಗೆ. ಆಗ ಕೊಟ್ಟ ಲೆಕ್ಕ ಶೇಕಡಾ 0.0051, ಅಂದರೆ ಸುಮಾರು 20,000ಕ್ಕೆ ಒಂದು. ಲಿಂಡಾ ಮೊದಲ ಬಾರಿಗೆ ಆ ಮಂಚದ ಮೇಲೆ ಮಲಗುವುದಕ್ಕೆ ಒಂದು ವರ್ಷ ಮೊದಲೇ ಈ ವರದಿ ಇತ್ತು ಎಂಬುದನ್ನು ಗಮನಿಸಬೇಕು. ಬರಬರುತ್ತ ಕಂಪನಿಯೇ ಹೇಳುವ ಸಂಖ್ಯೆ ಸುಮಾರು 3,000ಕ್ಕೆ ಒಂದು ಎಂದಾಯಿತು. ಹೊರಗಿನ ವೈದ್ಯರ ಕೆಲವು ವರದಿಗಳು ಅದಕ್ಕಿಂತಲೂ ಎಷ್ಟೋ ಹೆಚ್ಚು ಎನ್ನುತ್ತವೆ. 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಕುರಿತು ದೊಡ್ಡ ತನಿಖಾ ವರದಿಯನ್ನೇ ಪ್ರಕಟಿಸಿತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. 3,000ಕ್ಕೆ ಒಂದು ಎಂದರೆ 3,000 ಜನರಲ್ಲಿ ಒಬ್ಬರಿಗೆ ಎಂದು ನಾವು ಓದಿಕೊಳ್ಳುತ್ತೇವೆ. ಅದು ಹಾಗಲ್ಲ. ಲೆಕ್ಕ ಹಾಕಿರುವುದು ಹಿಡಿಕೆ ಕೂರಿಸಿದ ಪ್ರತಿ ಸಲಕ್ಕೆ, ಅವರ ಭಾಷೆಯಲ್ಲಿ ಪ್ರತಿ ಸೈಕಲ್‌ಗೆ. ಹೊಟ್ಟೆಯೊಂದಕ್ಕೇ ಒಂದೇ ಭೇಟಿಯಲ್ಲಿ ಎರಡೋ ನಾಲ್ಕೋ ಸೈಕಲ್ ಆಗುತ್ತವೆ. ಜೊತೆಗೆ ಎರಡು ಬದಿ ಸೊಂಟ, ಕೆಲವು ವಾರ ಬಿಟ್ಟು ಇನ್ನೊಂದು ಸುತ್ತು. ಒಬ್ಬರಿಗೆ ಎಂಟು ಸೈಕಲ್ ಆದರೆ, ಒರಟು ಲೆಕ್ಕದಲ್ಲಿ ಆ ವ್ಯಕ್ತಿಯ ಪಾಲಿನ ಅಪಾಯ 375ಕ್ಕೆ ಒಂದು. ಸಂಖ್ಯೆ ಸುಳ್ಳಲ್ಲ. ಅದು ಉತ್ತರಿಸುವ ಪ್ರಶ್ನೆ ಮಾತ್ರ ರೋಗಿ ಕೇಳಿದ ಪ್ರಶ್ನೆಯಲ್ಲ. ಲಿಂಡಾ ಏಳು ಬಾರಿ ಹೋಗಿದ್ದರು, ಒಂದೊಂದು ಬಾರಿಯೂ ಹಲವು ಜಾಗಗಳಿದ್ದಿರಬೇಕು.

375ಕ್ಕೆ ಒಂದು ಎಂದರೂ ಅನೇಕರು ಒಪ್ಪಿಯಾರು. ಒಪ್ಪಲಿ, ಅದು ಅವರವರ ದೇಹ. ನನ್ನ ತಕರಾರು ಇರುವುದು ಮೂರು ತಿಂಗಳ ನಂತರದ ದಿನಗಳ ಬಗ್ಗೆ. ಮಾಡಿಸಿಕೊಂಡ ಜಾಗ ದಪ್ಪಗಾದರೆ ತೂಕ ಹೆಚ್ಚಿದೆ, ಬಾಯಿ ಕಟ್ಟಿಲ್ಲ, ಇನ್ನೆರಡು ಸುತ್ತು ಮಾಡಿಸಿ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಯಾರೂ ಹೇಳದಿದ್ದರೆ ಕನ್ನಡಿ ಹೇಳುತ್ತದೆ. ಚಿಕಿತ್ಸೆಗೆ ಮೊದಲು ತೆಗೆದ ಫೋಟೊ, ಅಳತೆ, ತೂಕ ಮೂರೂ ರೋಗಿಯ ಕೈಯಲ್ಲಿದ್ದರೆ ಮಾತ್ರ ಈ ವಾದಕ್ಕೆ ಎದುರುತ್ತರ ಸಾಧ್ಯ. ಎಲ್ಲಿಯೂ ತೂಕ ಏರದೆ ಒಂದೇ ಜಾಗ, ಅದೂ ಚೌಕಟ್ಟು ಕಟ್ಟಿದ ಹಾಗೆ ಉಬ್ಬಿದರೆ ಅದು ಊಟದಿಂದ ಬಂದದ್ದಲ್ಲ.

ನಮ್ಮ ಹೊಟ್ಟೆಗಳ ಮಾತು

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡರು. ಆಕೆಗಿನ್ನೂ 21 ವರ್ಷ. ಎರಡು ತಿಂಗಳ ಬಳಿಕ ಲಿಂಡಾ ಪ್ರಕರಣ ರಾಜಿಯಾಯಿತು. ಮೊದಲನೆಯ ಸುದ್ದಿ ನಮ್ಮ ಮನೆಮನೆಗಳಲ್ಲಿ ಚರ್ಚೆಯಾಯಿತು, ಎರಡನೆಯದು ಸಿನಿಮಾ ಪುಟದ ಮೂಲೆಯಲ್ಲಿ ಬಂದು ಹೋಯಿತು. ಕತ್ತರಿ ಬೇಡ, ಯಂತ್ರವಾದರೆ ಸರಿ ಎಂಬ ಅವಸರದ ತೀರ್ಮಾನಕ್ಕೆ ಬರುವವರು ಎರಡನ್ನೂ ಒಟ್ಟಿಗೆ ಓದುವುದು ಒಳ್ಳೆಯದು.

ಅದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ. ನಿಮ್ಮ ಹೊಟ್ಟೆಯ ಕೊಬ್ಬು ಇರುವುದು ಎಲ್ಲಿ? ಬೆರಳುಗಳಿಂದ ಚಿವುಟಿ ಹಿಡಿದರೆ ಕೈಗೆ ಸಿಗುವುದು ಚರ್ಮದಡಿಯ ಕೊಬ್ಬು. ಸಿಗದೆ, ಹೊಟ್ಟೆ ಮಾತ್ರ ತಮಟೆಯಂತೆ ಬಿಗಿದು ಮುಂದೆ ಬಂದಿದ್ದರೆ ಅದು ಸ್ನಾಯುಗಳ ಒಳಗೆ, ಕರುಳು ಯಕೃತ್ತುಗಳ ಸುತ್ತ ಕೂತಿರುವ ಕೊಬ್ಬು. ಯಂತ್ರದ ಹಿಡಿಕೆಗೆ ಸಿಗುವುದು ಮೊದಲನೆಯದು ಮಾತ್ರ. ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ ಎಂಬ ನಮ್ಮ ಊರಿನ ಗಂಡಸರ ಮಾಮೂಲು ಚಿತ್ರದಲ್ಲಿ ಹೆಚ್ಚಿರುವುದು ಎರಡನೆಯದು.

ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿಸಿಕೊಂಡರು. ಎತ್ತರ ಮತ್ತು ತೂಕದ ಲೆಕ್ಕದ ಬಿಎಂಐ ಇಬ್ಬರದೂ ಒಂದೇ, 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು 21.2. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಹೊತ್ತಿರುವ ಭಾರತೀಯ ದೇಹದ ಬಗ್ಗೆ ಇದಕ್ಕಿಂತ ಸರಳವಾದ ಪಾಠವನ್ನು ನಾನು ನೋಡಿಲ್ಲ. ನಮ್ಮಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಎನ್ನುವುದು ಇದೇ ಕಾರಣಕ್ಕೆ.

ಹೊರಗಿನ ಕೊಬ್ಬು ತೆಗೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಳಿಯುತ್ತವೆ ಎಂದುಕೊಂಡವರಿಗೆ ಅದೇ 2004ರಲ್ಲಿ ಉತ್ತರ ಸಿಕ್ಕಿತ್ತು. ಬೊಜ್ಜು ಇದ್ದ 15 ಹೆಂಗಸರಿಗೆ ಲಿಪೊಸಕ್ಷನ್ ಮಾಡಿ ಸರಾಸರಿ ಹತ್ತು ಕಿಲೊ ಆಸುಪಾಸು ಕೊಬ್ಬು ತೆಗೆದರು. ಹತ್ತು ಹನ್ನೆರಡು ವಾರಗಳ ನಂತರ ಅಳೆದರೆ ಇನ್ಸುಲಿನ್ ಸ್ಪಂದನವೂ ಸುಧಾರಿಸಿರಲಿಲ್ಲ, ರಕ್ತದೊತ್ತಡವೂ ಇಳಿದಿರಲಿಲ್ಲ. ಹತ್ತು ಕಿಲೊ ತೆಗೆದರೇ ಹೀಗೆ. ಒಂದು ಸೆಂಟಿಮೀಟರ್ ತೆಳ್ಳಗಾದರೆ ಆರೋಗ್ಯ ಸಿಗುವುದೆಂದು ಯಾರಾದರೂ ಮಾರಿದರೆ ಎದ್ದು ಬರಬಹುದು.

ಇನ್ನೊಂದು ಗುಂಪಿದೆ, ಹೆರಿಗೆಯ ನಂತರ ಹೊಟ್ಟೆ ಒಳಗೆ ಹೋಗಲಿಲ್ಲವೆಂದು ಕೊರಗುವ ತಾಯಂದಿರು. ಎಷ್ಟೋ ಬಾರಿ ಅದು ಕೊಬ್ಬೇ ಅಲ್ಲ. ಹೊಟ್ಟೆಯ ನಡುವಿನ ಎರಡು ಸ್ನಾಯುಪಟ್ಟಿಗಳು ಬಸಿರಿನಲ್ಲಿ ದೂರ ಸರಿದವು ಮತ್ತೆ ಕೂಡಿಕೊಂಡಿರುವುದಿಲ್ಲ. ಅಲ್ಲಿ ತಣ್ಣಗೆ ಮಾಡುವುದಕ್ಕೆ ಏನೂ ಇಲ್ಲ, ಫಿಸಿಯೊಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ ಬೇಕು. ಹೊಕ್ಕುಳದ ಬಳಿ ಹರ್ನಿಯಾ ಇದ್ದರಂತೂ ಯಂತ್ರ ಹತ್ತಿರ ತರಲೇಬಾರದು. ಚಳಿಗೆ ರಕ್ತ ವಿಪರೀತವಾಗಿ ವರ್ತಿಸುವ ಕ್ರಯೊಗ್ಲೋಬುಲಿನೀಮಿಯಾದಂಥ ಅಪರೂಪದ ಕಾಯಿಲೆಗಳಿದ್ದರೂ ಹಾಗೆಯೇ.

ಚಿವುಟಿದರೆ ಸಿಗುವಷ್ಟು ಕೊಬ್ಬಿದ್ದು, ತೂಕ ಹತೋಟಿಯಲ್ಲಿದ್ದು, ಅಂಗಿ ಹಾಕಿದಾಗ ಎದ್ದು ಕಾಣುವ ಒಂದು ಮಡಿಕೆಯೇ ತೊಂದರೆ ಎನ್ನುವವರಿಗೆ ಚಳಿಯಲ್ಲದೆ ಶಾಖದ ಯಂತ್ರಗಳೂ ಇವೆ. 1060 ನ್ಯಾನೊಮೀಟರ್ ಲೇಸರ್ ಕೊಬ್ಬನ್ನು 42ರಿಂದ 47 ಡಿಗ್ರಿಗೆ ಕಾಯಿಸುತ್ತದೆ. ರೇಡಿಯೊ ತರಂಗ, ಒಂದೇ ಬಿಂದುವಿಗೆ ಕೂಡಿಸಿದ ಅಲ್ಟ್ರಾಸೌಂಡ್ ಮಾಡುವುದೂ ಅದನ್ನೇ. ಫಲ ಹೆಚ್ಚುಕಡಿಮೆ ಚಳಿ ಯಂತ್ರದಷ್ಟೇ ಮಿತ. ಕಾಂತಶಕ್ತಿಯಿಂದ ಸ್ನಾಯು ಕುಣಿಸುವ ಯಂತ್ರದ ಮುಖ್ಯ ಕೆಲಸ ಸ್ನಾಯುವಿನದು. ಕೊಬ್ಬು ಕರಗಿಸುವ ಚುಚ್ಚುಮದ್ದು ಎಂದು ಹೊಟ್ಟೆಗೆ ಕೊಡುವವರಿದ್ದಾರೆ. ಡಿಯಾಕ್ಸಿಕೋಲಿಕ್ ಆಮ್ಲದ ಆ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿದ್ದು ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ, ಹೊಟ್ಟೆಗಲ್ಲ.

2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದೇ ಬಂದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳ ಕಥೆಯೇ ಬೇರೆ. ಅವು ಹಸಿವನ್ನು ತಗ್ಗಿಸಿ ಇಡೀ ಮೈಯ ತೂಕ ಇಳಿಸುತ್ತವೆ, ಒಳಗಿನ ಕೊಬ್ಬೂ ಇಳಿಯುತ್ತದೆ. ಆದರೆ ಅವು ಬೊಜ್ಜಿನ ಕಾಯಿಲೆಗೆ ವೈದ್ಯರು ಬರೆದುಕೊಡುವ ಔಷಧ. ಮದುವೆಗೆ ಮೂರು ತಿಂಗಳಿದೆ, ರವಿಕೆ ಅಂದವಾಗಿ ಕೂರಬೇಕು ಎನ್ನುವವರಿಗಲ್ಲ. ನಡಿಗೆ, ನಿದ್ದೆ, ಅನ್ನದ ಪ್ರಮಾಣ, ಕುಡಿತ ಇವುಗಳ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಒಂದೇ ಮಾತು: ಅವು ಮೊದಲು ಕರಗಿಸುವುದು ಕೈಗೆ ಸಿಗದ ಆ ಒಳಗಿನ ಕೊಬ್ಬನ್ನೇ. ಕನ್ನಡಿಗೆ ಅದು ತಡವಾಗಿ ಗೊತ್ತಾಗುತ್ತದೆ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಹೋಗುತ್ತದೆ ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು, ದೇಹಕ್ಕೆ ಹಾಗೆ ಜಾಗ ನೋಡಿ ಖರ್ಚು ಮಾಡುವ ಪದ್ಧತಿಯಿಲ್ಲ.

ಲಿಂಡಾ ಬೊಜ್ಜಿನ ಕಾಯಿಲೆಯವರ ಗುಂಪಿಗೆ ಸೇರಿದವರಲ್ಲ. ಆರೋಗ್ಯವನ್ನು ಹುಡುಕಿಕೊಂಡು ಅವರು ಅಲ್ಲಿಗೆ ಹೋಗಿರಲಿಲ್ಲ, ಮೊದಲೇ ತೆಳ್ಳಗಿದ್ದರು. ವೈದ್ಯಕೀಯ ಪುಸ್ತಕಗಳ ಪ್ರಕಾರ ಈ ಚಿಕಿತ್ಸೆಗೆ ತಕ್ಕವರೆಂದರೆ ಅಂಥವರೇ.

ರಾಜಿಯಾದ ಮುಂದಿನ ತಿಂಗಳು, 2022ರ ಆಗಸ್ಟ್‌ನಲ್ಲಿ, ಬ್ರಿಟಿಷ್ ವೋಗ್ ಪತ್ರಿಕೆಯ ಸೆಪ್ಟೆಂಬರ್ ಸಂಚಿಕೆಯ ಮುಖಪುಟ ಹೊರಬಂತು. ಅದರಲ್ಲಿ ಲಿಂಡಾ ಇದ್ದರು. ತಲೆಗೆ ವಸ್ತ್ರ ಸುತ್ತಿದ್ದರು, ಹೊಟ್ಟೆ, ಸೊಂಟ, ಬೆನ್ನು ಯಾವುದೂ ಕಾಣುತ್ತಿರಲಿಲ್ಲ. ಪ್ರಸಾಧನ ಮಾಡಿದ ಪ್ಯಾಟ್ ಮೆಕ್‌ಗ್ರಾತ್, ಲಿಂಡಾ ಅವರ ಕೆನ್ನೆ, ದವಡೆ, ಕತ್ತುಗಳನ್ನು ಟೇಪು ಮತ್ತು ಎಲಾಸ್ಟಿಕ್ ಪಟ್ಟಿಗಳಿಂದ ಹಿಂದಕ್ಕೆ ಎಳೆದು ಕಟ್ಟಿದ್ದರು. ಇದನ್ನು ಯಾರೋ ಪತ್ತೆಹಚ್ಚಿ ಬಯಲು ಮಾಡಿದ್ದಲ್ಲ. ಇದು ನನ್ನ ನಿಜವಾದ ದವಡೆಯಲ್ಲ, ಕತ್ತೂ ಅಲ್ಲ, ಟೇಪು ಹಚ್ಚಿಕೊಂಡು ಊರೆಲ್ಲ ತಿರುಗಲಾಗುವುದಿಲ್ಲವಲ್ಲ ಎಂದು ಅದೇ ಸಂಚಿಕೆಯಲ್ಲಿ ಅವರೇ ಹೇಳಿದ್ದರು.